ಆಗದವರು ಕೂಡಿ ಹಡಗು ಕಟ್ಟಿದರೆ

ಒಬ್ಬರಿಗೊಬ್ಬರು ಆಗದ ಎರಡು ದೇಶಗಳು ಸೇರಿಕೊಂಡು ವಿಮಾನವಾಹಕ ನೌಕೆ ಕಟ್ಟಬೇಕೇ? ಪ್ರಶ್ನೆ ಕೇಳಿದ ಕೂಡಲೇ ನಗು ಬರುತ್ತದೆ. ಕುಸ್ತಿಗೆ ಇಳಿಯುವ ಇಬ್ಬರು ಪೈಲ್ವಾನರು ಸೇರಿ ಒಂದೇ ಲಂಗೋಟಿ ಹೊಲಿಸಿಕೊಂಡ ಹಾಗೆ! ಆದರೆ ನಕ್ಕು ಬಿಟ್ಟುಬಿಡೋ ಪ್ರಶ್ನೆ ಇದಲ್ಲ. ಕೇಳುವವರ ಹತ್ತಿರ ಒಳ್ಳೆಯ ವಾದಗಳೇ ಇವೆ. ಮೊದಲು ಅವನ್ನು ಸರಿಯಾಗಿ ಕೇಳಿಸಿಕೊಳ್ಳೋಣ.

ಮೊದಲನೆಯದು ದುಡ್ಡಿನ ಮಾತು. 2022ರ ಸೆಪ್ಟೆಂಬರಿನಲ್ಲಿ ಕೊಚ್ಚಿಯಲ್ಲಿ ನೌಕಾಪಡೆಗೆ ಸೇರಿದ ನಮ್ಮ ಹೊಸ ವಿಕ್ರಾಂತ್‌ಗೆ ಸುಮಾರು 20,000 ಕೋಟಿ ರೂಪಾಯಿ ತಗುಲಿತು. ಅಮೆರಿಕದ ಜೆರಾಲ್ಡ್ ಫೋರ್ಡ್ ಎಂಬ ಒಂದೇ ಹಡಗಿಗೆ ಸುಮಾರು 1,300 ಕೋಟಿ ಡಾಲರ್. ಅದೂ ವಿಮಾನಗಳ ಬೆಲೆ ಬಿಟ್ಟು. ಅವನು ಕಟ್ಟಿದ ಅಂತ ಇವನು, ಇವನು ಕಟ್ಟಿದ ಅಂತ ಅವನು. ಎರಡೂ ಕಡೆ ಶಾಲೆ, ಆಸ್ಪತ್ರೆಗೆ ಹೋಗಬೇಕಾದ ದುಡ್ಡು ಉಪ್ಪುನೀರಿಗೆ. ಕೂಡಿ ಕಟ್ಟಿದರೆ ಖರ್ಚಾದರೂ ಅರ್ಧ ಆಗುತ್ತದಲ್ಲ ಅನ್ನುತ್ತಾರೆ.

ಎರಡನೆಯದು ಭಯದ ಮಾತು. ವೈರಿಯ ಬಗ್ಗೆ ನಮಗೆ ಗೊತ್ತಿಲ್ಲದಷ್ಟೂ ನಮ್ಮ ಹೆದರಿಕೆ ಜಾಸ್ತಿ. ಎರಡೂ ದೇಶದ ಎಂಜಿನಿಯರುಗಳು ಐದು ವರ್ಷ ಒಂದೇ ಮೇಜಿನ ಸುತ್ತ ಕೂತು ನಕ್ಷೆ ಬರೆದರೆ, ಒಂದೇ ಕ್ಯಾಂಟೀನಿನಲ್ಲಿ ಉಂಡರೆ, ಅವನೂ ನಮ್ಮ ಹಾಗೇ ಮಗಳ ಫೀಸಿನ ಚಿಂತೆಯಲ್ಲಿರುವ ಮನುಷ್ಯ ಅಂತ ಗೊತ್ತಾಗುತ್ತದೆ. ಗುಟ್ಟು ಕಮ್ಮಿಯಾದರೆ ಭಯ ಕಮ್ಮಿ, ಭಯ ಕಮ್ಮಿಯಾದರೆ ಯುದ್ಧ ಕಮ್ಮಿ.

ಮೂರನೆಯದು ಉದಾಹರಣೆ. 1975ರ ಜುಲೈನಲ್ಲಿ, ಶೀತಲ ಸಮರ ನಡೆಯುತ್ತಿರುವಾಗಲೇ, ಅಮೆರಿಕದ ಅಪೊಲೊ ಮತ್ತು ಸೋವಿಯತ್ತರ ಸೊಯೂಜ್ ಬಾಹ್ಯಾಕಾಶದಲ್ಲಿ ಜೋಡಣೆಯಾದವು. ಆ ಜೋಡಣೆಯ ಕೊಂಡಿಯನ್ನು ಎರಡೂ ದೇಶದವರು ಸೇರಿಯೇ ರೂಪಿಸಿದ್ದರು. ಮೇಲೆ ಆಗಿದ್ದು ಕೆಳಗೆ ಸಮುದ್ರದಲ್ಲಿ ಯಾಕಾಗಬಾರದು?

ಮೂರೂ ವಾದ ಹಗುರವಲ್ಲ. ಆದರೆ ಇವೆಲ್ಲ ನಿಂತಿರುವುದು ಒಂದೇ ನಂಬಿಕೆಯ ಮೇಲೆ. ಕೂಡಿ ದುಡಿದವರು ಹೊಡೆದಾಡುವುದಿಲ್ಲ ಅನ್ನೋ ನಂಬಿಕೆ. ಅದು ನಿಜವೋ ಅಲ್ಲವೋ ನೋಡಬೇಕಾದರೆ ಕಪ್ಪು ಸಮುದ್ರದ ಹತ್ತಿರ ಇರುವ ಒಂದು ಊರಿಗೆ ಹೋಗಬೇಕು.

ಊರಿನ ಹೆಸರು ಮಿಕೊಲಾಯಿವ್. ಇವತ್ತು ಉಕ್ರೇನಿನಲ್ಲಿದೆ. ಸೋವಿಯತ್ ಕಾಲದಲ್ಲಿ ದೊಡ್ಡ ಯುದ್ಧನೌಕೆ ಕಟ್ಟುವವರ ಊರು. ನಮ್ಮ ಕಾರವಾರದ ಕದಂಬ ನೌಕಾನೆಲೆಯನ್ನು ಮನೆ ಮಾಡಿಕೊಂಡಿರುವ ವಿಕ್ರಮಾದಿತ್ಯ ಇದೆಯಲ್ಲ, ಅದು ಹುಟ್ಟಿದ್ದು ಅಲ್ಲಿ. 1987ರಲ್ಲಿ ಸೋವಿಯತ್ ನೌಕಾಪಡೆ ಸೇರಿದಾಗ ಅದರ ಹೆಸರು ಬಾಕು, ಆಮೇಲೆ ಅಡ್ಮಿರಲ್ ಗೋರ್ಶ್‌ಕೋವ್. ರಷ್ಯಾದ ಸೆವೆರೊದ್ವಿನ್‌ಸ್ಕ್‌ನಲ್ಲಿ ವರ್ಷಗಟ್ಟಲೆ ರಿಪೇರಿಯಾಗಿ 2013ರ ನವೆಂಬರಿನಲ್ಲಿ ನಮ್ಮದಾಯಿತು. ಅದೇ ಮಿಕೊಲಾಯಿವ್‌ನ ಅದೇ ಕಟ್ಟೆಯಲ್ಲಿ 1985ರಲ್ಲಿ ಇನ್ನೊಂದು ಹಡಗಿನ ಕೆಲಸ ಶುರುವಾಗಿತ್ತು. ವರ್ಯಾಗ್ ಅಂತ. ಸೋವಿಯತ್ ಒಕ್ಕೂಟ ಒಡೆದಾಗ ಅದು ಅರೆಬರೆ ಉಳಿಯಿತು. 1998ರಲ್ಲಿ ತೇಲುವ ಜೂಜುಕಟ್ಟೆ ಮಾಡ್ತೀವಿ ಅಂತ ಹೇಳಿ 2 ಕೋಟಿ ಡಾಲರಿಗೆ ಕೊಂಡರು. ಜೂಜುಕಟ್ಟೆ ಆಗಲಿಲ್ಲ. 2012ರ ಸೆಪ್ಟೆಂಬರಿನಲ್ಲಿ ಅದು ಚೀನಾದ ಮೊದಲ ವಿಮಾನವಾಹಕ ನೌಕೆ ಲಿಯಾವೊನಿಂಗ್ ಆಗಿ ಸೇವೆಗೆ ಬಂತು.

ಅಂದರೆ ನಮ್ಮ ವಿಕ್ರಮಾದಿತ್ಯ ಮತ್ತು ಚೀನಾದ ಲಿಯಾವೊನಿಂಗ್ ಒಂದೇ ಕಟ್ಟೆಯ ಕೂಸುಗಳು. ಎರಡಕ್ಕೂ ಮೂತಿಯ ಹತ್ತಿರ ಮೇಲಕ್ಕೆ ಬಾಗಿದ ಅದೇ ಜಾರುಬಂಡೆಯಂಥ ಓಡುದಾರಿ, ಎರಡರ ಮೇಲೂ ರಷ್ಯಾದ ವಂಶದ ವಿಮಾನಗಳು. ಇದರಿಂದ ಭಾರತ ಚೀನಾಗಳ ನಡುವಿನ ಅನುಮಾನ ಒಂದು ಗುಲಗಂಜಿಯಷ್ಟಾದರೂ ಕಮ್ಮಿಯಾಯಿತೇ? ಇಲ್ಲ.

ಅದು ಬಿಡಿ, ಮಿಕೊಲಾಯಿವ್‌ನ ಕಥೆ ಇನ್ನೂ ಇದೆ. ಆ ಹಡಗುಗಳನ್ನು ಕಟ್ಟಿದವರು ಯಾರು? ರಷ್ಯನ್ನರೂ ಉಕ್ರೇನಿಯನ್ನರೂ ಕೂಡಿ ಕಟ್ಟಿದರು. ಒಂದೇ ಪಡೆ, ಒಂದೇ ಬಾವುಟ, ಒಂದೇ ಸಂಬಳದ ಪುಸ್ತಕ. ಮಾಸ್ಕ್ವಾ ಎಂಬ ದೊಡ್ಡ ಯುದ್ಧನೌಕೆಯನ್ನೂ ಅದೇ ಊರಿನ ಇನ್ನೊಂದು ಕಟ್ಟೆಯಲ್ಲಿ ಕಟ್ಟಲಾಗಿತ್ತು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಏರಿ ಹೋದಾಗ ಮಿಕೊಲಾಯಿವ್ ಮೇಲೆ ಶೆಲ್ಲುಗಳು ಬಿದ್ದವು. ಅದೇ ಏಪ್ರಿಲ್ 14ರಂದು ಉಕ್ರೇನಿಯನ್ನರ ಕ್ಷಿಪಣಿ ತಿಂದು ಮಾಸ್ಕ್ವಾ ಕಪ್ಪು ಸಮುದ್ರದಲ್ಲಿ ಮುಳುಗಿತು. ಕೂಡಿ ಕಟ್ಟಿದ ಊರನ್ನು ಒಬ್ಬ ಸುಟ್ಟ, ಕೂಡಿ ಕಟ್ಟಿದ ಹಡಗನ್ನು ಇನ್ನೊಬ್ಬ ಮುಳುಗಿಸಿದ. ಐದು ವರ್ಷ ಒಂದೇ ಕ್ಯಾಂಟೀನಿನಲ್ಲಿ ಉಂಡರೆ ಸಾಕು ಅನ್ನುವವರು, ಎಪ್ಪತ್ತು ವರ್ಷ ಉಂಡವರ ಈ ಕಥೆಗೆ ಉತ್ತರ ಹೇಳಬೇಕು.

"ಅದು ಒಂದೇ ದೇಶ ಒಡೆದ ಕಥೆ, ಎರಡು ದೇಶ ಕೂಡಿದ ಕಥೆ ಅಲ್ಲ" ಅನ್ನಬಹುದು. ಸರಿ, ಎರಡು ದೇಶ ಕೂಡಿದ ಕಥೆಯನ್ನೂ ನೋಡೋಣ.

1921. ಬ್ರಿಟನ್ ಮತ್ತು ಜಪಾನ್ ಆಗ ಕಾಗದದ ಮೇಲೆ ಮಿತ್ರರು, 1902ರ ಒಪ್ಪಂದ ಇನ್ನೂ ಜೀವಂತವಾಗಿತ್ತು. ಒಳಗೊಳಗೆ ಪೆಸಿಫಿಕ್ ಸಾಗರ ಯಾರದ್ದು ಅನ್ನೋ ಪೈಪೋಟಿ ಶುರುವಾಗಿತ್ತು. ವಿಮಾನವಾಹಕ ನೌಕೆಯ ವಿದ್ಯೆಯಲ್ಲಿ ಬ್ರಿಟಿಷರು ಗುರುಗಳು. ಕಲಿಸಿಕೊಡಿ ಅಂತ ಜಪಾನ್ ಕೇಳಿತು. ಬ್ರಿಟಿಷ್ ನೌಕಾಪಡೆಗೆ ಮನಸ್ಸಿರಲಿಲ್ಲ. ಆದರೆ ಮುಂದೆ ವಿಮಾನಗಳ ಆರ್ಡರು ನಮಗೇ ಸಿಗಬಹುದು ಅನ್ನುವ ಆಸೆ ಸರ್ಕಾರದ ಇತರ ಇಲಾಖೆಗಳಿಗೆ. ಕೊನೆಗೆ ಸರ್ಕಾರದ್ದು ಅಲ್ಲ, ಖಾಸಗಿಯವರ ತಂಡ ಅಂತ ಹೆಸರಿಟ್ಟು ಸೆಂಪಿಲ್ ಎಂಬ ಅಧಿಕಾರಿಯ ಮುಂದಾಳತ್ವದಲ್ಲಿ ಸುಮಾರು ಮೂವತ್ತು ಜನ ಹೋದರು. ಹಡಗಿನ ಮೇಲಿಂದ ಹಾರುವುದು, ಇಳಿಯುವುದು, ನೀರಿಗೆ ಟಾರ್ಪೆಡೊ ಬಿಡುವುದು, ಎಲ್ಲ ಕಲಿಸಿದರು. ಜಪಾನಿನ ಮೊದಲ ವಿಮಾನವಾಹಕ ನೌಕೆ ಹೋಶೋ 1922ರ ಡಿಸೆಂಬರಿನಲ್ಲಿ ಸೇವೆಗೆ ಬಂತು. ಅದರ ಮೇಲೆ ಮೊದಲು ವಿಮಾನ ಇಳಿಸಿದವನು ಒಬ್ಬ ಬ್ರಿಟಿಷ್ ಪೈಲಟ್.

ಇಪ್ಪತ್ತು ವರ್ಷ ಮುಂದಕ್ಕೆ ಬನ್ನಿ. 1942ರ ಏಪ್ರಿಲ್. ಜಪಾನಿನ ವಿಮಾನವಾಹಕ ನೌಕೆಗಳು ಹಿಂದೂ ಮಹಾಸಾಗರಕ್ಕೆ ನುಗ್ಗಿದವು. ಏಪ್ರಿಲ್ 9ರಂದು ಸಿಲೋನಿನ ಬಟ್ಟಿಕಲೋವಾದ ಹತ್ತಿರ ಬ್ರಿಟಿಷರ ಹರ್ಮೀಸ್ ಮುಳುಗಿತು. ವಿಮಾನವಾಹಕವಾಗಿಯೇ ಇರಲಿ ಅಂತ ಪ್ರಪಂಚದಲ್ಲಿ ಮೊದಲು ಕೆಲಸ ಶುರು ಮಾಡಿದ್ದು ಇದೇ ಹಡಗಿನದ್ದು. ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಗುರುವಿನ ಹಡಗನ್ನು ಶಿಷ್ಯನ ವಿಮಾನಗಳು ಮುಳುಗಿಸಿದವು. ಹಾವಿಗೆ ಹಾಲೆರೆದರು ಅಂತ ಬ್ರಿಟಿಷರು ಅಂದುಕೊಳ್ಳಬಹುದು. ಆದರೆ ಏಷ್ಯಾದಲ್ಲಿ ಕೂತು ನೋಡಿದರೆ ಹಾಲೆರೆದವನೂ ಹಾವೇ. ಎರಡೂ ಬೇರೆಯವರ ನೆಲಕ್ಕೆ ಬಾಯಿ ಹಾಕಿದ ಸಾಮ್ರಾಜ್ಯಗಳೇ.

ಹರ್ಮೀಸ್ ಮುಳುಗಿದ ಕಥೆ ಪುಸ್ತಕಗಳಲ್ಲಿ ಇದೆ. ಅದಕ್ಕೆ ಮೂರು ದಿನ ಮೊದಲು, ಏಪ್ರಿಲ್ 6ರಂದು, ರ್‍ಯುಜೋ ಎಂಬ ಜಪಾನಿ ನೌಕೆಯಿಂದ ಎದ್ದ ವಿಮಾನಗಳು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಹಾಕಿದವು. ಬಂದರಿನಲ್ಲಿ ಕೂಲಿ ಮಾಡುತ್ತಿದ್ದ ತೆಲುಗು ಜನಕ್ಕೆ ಲಂಡನ್ನಿನಲ್ಲಿ ಆರ್ಡರಿನ ಆಸೆಗೆ ತಂಡ ಕಳಿಸಿದ್ದೂ ಗೊತ್ತಿಲ್ಲ, ಜಪಾನಿನಲ್ಲಿ ಪಾಠ ನಡೆದಿದ್ದೂ ಗೊತ್ತಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ. ಈ ಮಾತು ಇಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಇದಕ್ಕೂ ಒಂದು ತಕರಾರು ಇದೆ. ಒಬ್ಬ ಕಲಿಸಿದ, ಇನ್ನೊಬ್ಬ ಕಲಿತ. ಅದು ಕೂಡಿ ಕಟ್ಟಿದ್ದಲ್ಲ. ಸಮಸಮನಾಗಿ ಕೂತು ಕಟ್ಟಿದರೆ ಬೇರೆಯೇ ಆಗಬಹುದಲ್ಲ? ಅದಕ್ಕೆ ಬ್ರಿಟನ್ ಮತ್ತು ಫ್ರಾನ್ಸ್ ಪ್ರಯತ್ನ ಪಟ್ಟಿದ್ದವು. ಶತಮಾನಗಳ ಕಾಲ ಒಬ್ಬರ ಹಡಗು ಒಬ್ಬರು ಸುಟ್ಟವರು, ಈಗ ಗೆಳೆಯರು. 2006ರಲ್ಲಿ ಫ್ರಾನ್ಸ್ ದುಡ್ಡು ಕೊಟ್ಟು ಬ್ರಿಟಿಷರ ಹೊಸ ನೌಕೆಯ ವಿನ್ಯಾಸದಲ್ಲಿ ಸೇರಿಕೊಂಡಿತು. ಒಂದೇ ಮೂಲ ನಕ್ಷೆ, ಇಬ್ಬರಿಗೂ ಹಡಗು. ಆದರೆ ಫ್ರೆಂಚರ ರಫಾಲ್ ಹಾರಬೇಕಾದರೆ ಹಡಗಿನಲ್ಲಿ ಕವಣೆ ಬೇಕು, ವಿಮಾನವನ್ನು ಎಳೆದು ಚಿಮ್ಮಿಸುವ ಯಂತ್ರ. ಬ್ರಿಟಿಷರು ಆರಿಸಿಕೊಂಡ ವಿಮಾನ ಚಿಕ್ಕ ಓಟದಲ್ಲಿ ಎದ್ದು ನೇರ ಕೆಳಗಿಳಿಯುವಂಥದ್ದು, ಅದಕ್ಕೆ ಕವಣೆ ಬೇಡ. 2010ರಲ್ಲಿ ಎರಡೂ ದೇಶ ರಕ್ಷಣಾ ಒಪ್ಪಂದ ಮಾಡಿಕೊಂಡವು. ಆ ವರ್ಷವೇ ನಾವೂ ಕವಣೆ ಹಾಕಿಸ್ತೀವಿ ಅಂದರು ಬ್ರಿಟಿಷರು. 2012ರಲ್ಲಿ ಖರ್ಚು ನೋಡಿ ಗಾಬರಿಯಾಗಿ ಬೇಡ ಅಂದರು. ಫ್ರೆಂಚರು 2013ರ ಹೊತ್ತಿಗೆ ತಮ್ಮ ಎರಡನೆಯ ಹಡಗಿನ ಆಸೆಯನ್ನೇ ಕೈಬಿಟ್ಟರು.

ಗೆಳೆಯರಿಗೇ ಹೊಂದದ ಮೇಲೆ ಎದುರಾಳಿಗಳಿಗೆ ಹೊಂದುತ್ತದೆಯೇ ಅಂತ ಕೇಳಿ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಅದು ಆಗುತ್ತದೋ ಇಲ್ಲವೋ ಅನ್ನುವ ಮಾತಾಯಿತು. ನಮ್ಮ ಪ್ರಶ್ನೆ ಆಗಬೇಕೋ ಬೇಡವೋ ಅನ್ನುವುದು. ನಾಳೆ ಯಾರೋ ಜಾಣರು ಕವಣೆಯ ಸಮಸ್ಯೆ ಬಿಡಿಸಿದರು, ಖರ್ಚೂ ಅರ್ಧವಾಯಿತು ಅಂತಲೇ ಇಟ್ಟುಕೊಳ್ಳಿ. ಆಗಲಾದರೂ ಕಟ್ಟಬೇಕೇ?

ನಮ್ಮ ಕಡೆ ಅಕ್ಕಪಕ್ಕದ ಹೊಲದವರ ಜಗಳ ಬದುವಿನಿಂದ ಶುರುವಾಗುತ್ತದೆ. ಅವನು ಒಂದು ಮೊಳ ಒತ್ತಿದ ಅಂತ ಇವನು, ಇವನು ಒತ್ತಿದ ಅಂತ ಅವನು. ಇಂಥ ಇಬ್ಬರು ಸೇರಿ ಸರ್ವೆಯವರನ್ನು ಕರೆಸಿ, ಅರ್ಧರ್ಧ ಖರ್ಚು ಹಾಕಿ ಗಡಿಕಲ್ಲು ನೆಡಿಸಿದರೆ ಅದು ಕೂಡು ಕೆಲಸ. ಇದೇ ಇಬ್ಬರು ಅರ್ಧರ್ಧ ದುಡ್ಡು ಹಾಕಿ ಕುಲುಮೆಗೆ ಹೋಗಿ ಎರಡು ಮಚ್ಚು ಮಾಡಿಸಿಕೊಂಡು ಬಂದರೆ ಅದೂ ಕೂಡು ಕೆಲಸವೇ. ಖರ್ಚು ಕಮ್ಮಿ, ಒಟ್ಟಿಗೆ ಹೋಗಿ ಒಟ್ಟಿಗೆ ಬಂದರು, ದಾರಿಯಲ್ಲಿ ಟೀನೂ ಕುಡಿದರು. ಆದರೆ ಮನೆಯ ಹೆಂಗಸರಿಗೆ ಯಾವತ್ತು ಚೆನ್ನಾಗಿ ನಿದ್ದೆ ಬರುತ್ತದೆ, ಕಲ್ಲು ನೆಟ್ಟ ರಾತ್ರಿಯೋ, ಮಚ್ಚು ತಂದ ರಾತ್ರಿಯೋ?

ವ್ಯತ್ಯಾಸ ಇರುವುದು ಇಲ್ಲಿ. ಕೆಲವು ಕೂಡು ಕೆಲಸದಲ್ಲಿ ಇಬ್ಬರೂ ತಮ್ಮ ಕೈಯನ್ನು ಸ್ವಲ್ಪ ಕಟ್ಟಿಕೊಳ್ಳುತ್ತಾರೆ. ಕೆಲವು ಕೂಡು ಕೆಲಸದಲ್ಲಿ ಇಬ್ಬರ ತೋಳೂ ಉದ್ದವಾಗುತ್ತದೆ. ಮೊದಲನೆಯದರಿಂದ ಜಗಳ ಕಮ್ಮಿಯಾಗುವ ಸಾಧ್ಯತೆ ಇದೆ. ಎರಡನೆಯದರಿಂದ ಜಗಳ ಅಗ್ಗವಾಗುತ್ತದೆ ಅಷ್ಟೆ.

ಈ ಅಳತೆಗೋಲು ಹಿಡಿದು ಒಳ್ಳೆಯ ಉದಾಹರಣೆಗಳನ್ನೇ ನೋಡಿ. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಶೂಮನ್ ಒಂದು ಸಲಹೆ ಮುಂದಿಟ್ಟರು. ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು, ಉಕ್ಕು ಎರಡನ್ನೂ ಒಂದೇ ಮೇಲ್ವಿಚಾರಣೆಗೆ ತರೋಣ ಅಂತ. ಎಪ್ಪತ್ತು ವರ್ಷದಲ್ಲಿ ಮೂರು ಸಲ ಯುದ್ಧ ಮಾಡಿದ್ದ ನೆರೆಯವರು ಇವರು. ಮರುವರ್ಷ ಆರು ದೇಶ ಸಹಿ ಹಾಕಿದವು. ಇವರೇನು ಕೂಡಿ ಫಿರಂಗಿ ಮಾಡಲಿಲ್ಲ. ಫಿರಂಗಿ ಮಾಡಲು ಬೇಕಾದ ಉಕ್ಕಿನ ಲೆಕ್ಕವನ್ನು ಒಬ್ಬರ ಮುಂದೆ ಒಬ್ಬರು ಇಟ್ಟರು. ಇನ್ನು ಮುಂದೆ ಯಾರೂ ಗುಟ್ಟಾಗಿ ಯುದ್ಧಕ್ಕೆ ತಯಾರಾಗಲಿಕ್ಕೆ ಆಗಬಾರದು ಅನ್ನುವುದೇ ಅದರ ತಿರುಳು. ಕೈ ಕಟ್ಟಿಕೊಂಡ ಕೆಲಸ ಅದು.

ಬಾಹ್ಯಾಕಾಶದ ಉದಾಹರಣೆಯೂ ಹಾಗೇ. ಅಪೊಲೊ-ಸೊಯೂಜ್ ಕೊಂಡಿ ಯಾರ ಕಡೆಗೂ ಗುರಿಯಿಟ್ಟು ನಿಂತಿರಲಿಲ್ಲ. ಆಮೇಲೆ ಬಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಎತ್ತರ ಕಾಯ್ದುಕೊಳ್ಳಲು ರಷ್ಯನ್ ಭಾಗ ಬೇಕು, ವಿದ್ಯುತ್ತಿಗೆ ಅಮೆರಿಕನ್ ಭಾಗ ಬೇಕು. ಉಕ್ರೇನ್ ಯುದ್ಧ ಶುರುವಾದ ಮೇಲೂ ಅದು ಒಡೆಯಲಿಲ್ಲ. ಬಿಡಿಸಿಕೊಂಡರೆ ಇಬ್ಬರಿಗೂ ನಷ್ಟ.

ಈಗ ವಿಮಾನವಾಹಕ ನೌಕೆಗೆ ಬನ್ನಿ. ಅದು ಏನು ಮಾಡುತ್ತದೆ? ಸ್ವಂತ ದಡ ಕಾಯಲು ನೆಲದ ಮೇಲೆಯೇ ವಿಮಾನ ನಿಲ್ದಾಣಗಳಿವೆ. ನಿಲ್ದಾಣವನ್ನೇ ಹೊತ್ತುಕೊಂಡು ದೂರ ಹೋಗಬೇಕಾದಾಗ ಈ ಹಡಗು ಬೇಕು. ವ್ಯಾಪಾರದ ದಾರಿ ಕಾಯಲಿಕ್ಕೂ ಆಗುತ್ತದೆ, ಬೇರೆಯವರ ಕಿಟಕಿಯ ಹೊರಗೆ ಹೋಗಿ ನಿಲ್ಲಲಿಕ್ಕೂ ಆಗುತ್ತದೆ. ತೋಳು ಉದ್ದ ಮಾಡಲಿಕ್ಕೇ ಹುಟ್ಟಿದ ಯಂತ್ರ ಅದು. ಇಬ್ಬರು ಎದುರಾಳಿಗಳು ಕೂಡಿ ಎರಡು ಕಟ್ಟಿದರೆ ಇಬ್ಬರ ತೋಳೂ ಉದ್ದ. ಕೂಡಿ ಒಂದೇ ಕಟ್ಟಿದರೋ, ಕ್ಯಾಪ್ಟನ್ ಯಾರು? ಹೊರಡು ಅನ್ನುವವನು ಯಾರು, ನಿಲ್ಲು ಅನ್ನುವವನು ಯಾರು? ಇಬ್ಬರೂ ಒಪ್ಪಿದರೆ ಮಾತ್ರ ಹೊರಡುವ ಹಡಗಾದರೆ, ಅದು ಇಬ್ಬರ ನಡುವಿನ ಜಗಳದಲ್ಲಿ ಯಾವತ್ತೂ ಹೊರಡುವುದಿಲ್ಲ. ಹಾಗಾದರೆ ಯಾವತ್ತು ಹೊರಡುತ್ತದೆ? ಮೂರನೆಯವನ ಮೇಲೆ ಇಬ್ಬರಿಗೂ ಒಟ್ಟಿಗೆ ಸಿಟ್ಟು ಬಂದ ದಿನ.

ಆ ವಿಶಾಖಪಟ್ಟಣದ ಕೂಲಿಗಳನ್ನು ಈಗ ನೆನಪು ಮಾಡಿಕೊಳ್ಳಿ. ಎರಡು ದೊಡ್ಡ ದೇಶಗಳು ಕೂಡಬೇಕೋ ಬೇಡವೋ ಅಂತ ಮಾತಾಡುವಾಗ ನಾವೆಲ್ಲ ಆ ಎರಡು ಕುರ್ಚಿಗಳನ್ನೇ ನೋಡುತ್ತೇವೆ. ದಡದಲ್ಲಿ ನಿಂತವನಿಗೆ ಆ ಕೋಣೆಯಲ್ಲಿ ಕುರ್ಚಿ ಇಲ್ಲ. ನಮಗೂ ಇದರ ರುಚಿ ಗೊತ್ತು. 1971ರ ಡಿಸೆಂಬರಿನಲ್ಲಿ ಅಮೆರಿಕದ ಎಂಟರ್‌ಪ್ರೈಸ್ ಬಂಗಾಳ ಕೊಲ್ಲಿಗೆ ಬಂದಾಗ ಒಂದು ಗುಂಡೂ ಹಾರಲಿಲ್ಲ, ಆದರೂ ಆ ತಲೆಮಾರಿನವರು ಇವತ್ತಿಗೂ ಮರೆತಿಲ್ಲ. ಅದೇ ತಿಂಗಳು ನಮ್ಮ ಹಳೆಯ ವಿಕ್ರಾಂತ್‌ನ ವಿಮಾನಗಳು ಚಿತ್ತಗಾಂಗ್ ಮತ್ತು ಕಾಕ್ಸ್ ಬಜಾರಿನ ಮೇಲೆ ಬಾಂಬು ಹಾಕಿದವು. ನಮ್ಮ ಯುದ್ಧ ನ್ಯಾಯದ್ದು ಅಂತ ನಾವು ಹೇಳುತ್ತೇವೆ, ಅಲ್ಲಿನ ಬಹಳ ಜನ ಒಪ್ಪುತ್ತಾರೆ ಕೂಡ. ಆದರೆ ಹಡಗು ಹಡಗೇ. ಅದರ ಮೇಲೆ ನಮ್ಮ ಬಾವುಟ ಇದ್ದರೂ ದಡದಲ್ಲಿ ಯಾರೋ ಒಬ್ಬರು ಮಕ್ಕಳನ್ನು ಎಳೆದುಕೊಂಡು ಒಳಗೆ ಓಡಿರುತ್ತಾರೆ.

ಭೂಕಂಪ, ಸುನಾಮಿ ಬಂದಾಗ ಈ ಹಡಗುಗಳೇ ಬಂದು ಜೀವ ಉಳಿಸುತ್ತವಲ್ಲ ಅನ್ನಬಹುದು. ನಿಜ. 2004ರ ಸುನಾಮಿಯ ನಂತರ ಅಮೆರಿಕದ ಅಬ್ರಹಾಂ ಲಿಂಕನ್ ನೌಕೆಯ ಹೆಲಿಕಾಪ್ಟರುಗಳು ಆಚೆಯಲ್ಲಿ ನೀರು, ಅನ್ನ ಇಳಿಸಿದವು. ಹಾಗಾದರೆ ಎದುರಾಳಿಗಳು ಕೂಡಿ ಆಸ್ಪತ್ರೆಯ ಹಡಗನ್ನೇ ಕಟ್ಟಲಿ. ಕೊಡಲಿಯಲ್ಲಿ ಸೌದೆಯೂ ಒಡೆಯಬಹುದು ಅಂತ ಕೊಡಲಿಯ ಬಗ್ಗೆ ಅನುಮಾನ ಹೋಗುವುದಿಲ್ಲ.

ಹಾಗಂತ ಕೈ ಕಟ್ಟಿಕೊಂಡರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಅದೂ ಒಂದು ಸಲ ನಡೆದಿದೆ, ಇದೇ ಹಡಗುಗಳ ವಿಷಯದಲ್ಲಿ. 1922ರ ಫೆಬ್ರವರಿ 6ರಂದು ವಾಷಿಂಗ್ಟನ್ನಿನಲ್ಲಿ ಐದು ದೇಶಗಳು ಸಹಿ ಹಾಕಿದವು. ವಿಮಾನವಾಹಕ ನೌಕೆಗಳ ಒಟ್ಟು ತೂಕ ಅಮೆರಿಕ, ಬ್ರಿಟನ್ನಿಗೆ ತಲಾ 1,35,000 ಟನ್, ಜಪಾನಿಗೆ 81,000, ಫ್ರಾನ್ಸ್, ಇಟಲಿಗೆ ತಲಾ 60,000. ಒಂದು ಹಡಗು 27,000 ಟನ್ ಮೀರಬಾರದು. ಆದರೆ ಒಪ್ಪಂದದಲ್ಲಿ ಒಂದು ಕಿಂಡಿ ಇಟ್ಟುಕೊಂಡರು. ಅರ್ಧ ಕಟ್ಟಿದ ದೊಡ್ಡ ಯುದ್ಧನೌಕೆಗಳನ್ನು ಬದಲಾಯಿಸಿ 33,000 ಟನ್ನಿನ ಎರಡು ವಿಮಾನವಾಹಕ ಮಾಡಿಕೊಳ್ಳಬಹುದು ಅಂತ. ಅಮೆರಿಕದ ಲೆಕ್ಸಿಂಗ್ಟನ್, ಸಾರಟೋಗಾ, ಜಪಾನಿನ ಅಕಾಗಿ, ಕಾಗಾ ಬಂದಿದ್ದು ಹೀಗೆ. 1936ರ ಕೊನೆಗೆ ಜಪಾನ್ ಒಪ್ಪಂದದಿಂದ ಹೊರಗೆ ಬಂತು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ಬಿದ್ದ ಆರು ನೌಕೆಗಳಲ್ಲಿ ಅಕಾಗಿ, ಕಾಗಾ ಎರಡೂ ಇದ್ದವು.

ಇದರಿಂದ ಮಿತಿ ಹಾಕಿಕೊಳ್ಳುವುದೇ ದಂಡ ಅಂತ ತಿಳಿಯಬೇಕೇ? ನನಗೆ ಹಾಗನ್ನಿಸುವುದಿಲ್ಲ. ಸುಮಾರು ಹದಿನಾಲ್ಕು ವರ್ಷ ಆ ಪೈಪೋಟಿಗೆ ಒಂದು ಅಳತೆ ಇತ್ತು. ಕೆಟ್ಟಿದ್ದು ಕಿಂಡಿಯಿಂದ, ಮತ್ತು ಒಬ್ಬನಿಗೆ ಐದು ಪಾಲು ಇನ್ನೊಬ್ಬನಿಗೆ ಮೂರು ಪಾಲು ಅಂತ ಹಂಚಿದ ಅವಮಾನದಿಂದ. ಕೈ ಕಟ್ಟುವಾಗ ಒಬ್ಬನದು ಸಡಿಲ, ಇನ್ನೊಬ್ಬನದು ಬಿಗಿ ಆದರೆ ಹಗ್ಗ ಬಹಳ ದಿನ ಉಳಿಯುವುದಿಲ್ಲ.

ಉಳಿದ ಹಗ್ಗಗಳೂ ಇವೆ. ಅವು ಸಣ್ಣವು, ಅದಕ್ಕೇ ನಮ್ಮ ಕಣ್ಣಿಗೆ ಬೀಳುವುದಿಲ್ಲ. 1960ರ ದಶಕದಲ್ಲಿ ಅಮೆರಿಕ ಮತ್ತು ಸೋವಿಯತ್ ಹಡಗುಗಳು ಒಂದನ್ನೊಂದು ಉಜ್ಜಿಕೊಂಡು ಹೋಗುವುದು, ವಿಮಾನಗಳು ತಲೆಯ ಮೇಲೆಯೇ ಹಾರುವುದು ದಿನದ ಆಟವಾಗಿತ್ತು. 1968ರ ಮೇನಲ್ಲಿ ಎಸೆಕ್ಸ್ ಎಂಬ ಅಮೆರಿಕದ ವಿಮಾನವಾಹಕ ನೌಕೆಯ ಹತ್ತಿರ ತೀರಾ ಕೆಳಗೆ ಹಾರಿದ ಸೋವಿಯತ್ ಬಾಂಬರ್ ಸಮುದ್ರಕ್ಕೆ ಬಿತ್ತು, ಅದರಲ್ಲಿದ್ದವರೆಲ್ಲ ಸತ್ತರು. 1972ರ ಮೇ 25ರಂದು ಎರಡೂ ದೇಶ ಮಾಸ್ಕೋದಲ್ಲಿ ಒಂದು ಒಪ್ಪಂದ ಮಾಡಿಕೊಂಡವು. ಒಂದು ಹಡಗನ್ನೂ ಕಮ್ಮಿ ಮಾಡಲಿಲ್ಲ. ಸುಳ್ಳುಸುಳ್ಳೇ ದಾಳಿ ಮಾಡಿದಂತೆ ಆಟ ಆಡಬಾರದು, ದೂರ ಕಾಯ್ದುಕೊಳ್ಳಬೇಕು, ಏನಾದರೂ ಆದರೆ ತಿಳಿಸಬೇಕು, ಅಧಿಕಾರಿಗಳು ಆಗಾಗ ಕೂತು ಮಾತಾಡಬೇಕು. ಅಷ್ಟೇ. ಶೀತಲ ಸಮರದ ಕೆಟ್ಟ ದಿನಗಳಲ್ಲೂ ಅದು ನಡೆಯಿತು.

2000ದ ಆಗಸ್ಟಿನಲ್ಲಿ ರಷ್ಯಾದ ಕುರ್ಸ್ಕ್ ಜಲಾಂತರ್ಗಾಮಿ ಮುಳುಗಿ 118 ಜನ ಸತ್ತರು. ಹೊರಗಿನವರ ನೆರವು ಪಡೆಯಲು ರಷ್ಯಾ ದಿನಗಟ್ಟಲೆ ಹಿಂದೆಮುಂದೆ ನೋಡಿತು. ಐದು ವರ್ಷದ ಮೇಲೆ, 2005ರ ಆಗಸ್ಟಿನಲ್ಲಿ, ಕಮ್ಚಾಟ್ಕಾದ ಹತ್ತಿರ ರಷ್ಯಾದ ಪುಟ್ಟ ಜಲನೌಕೆಯೊಂದು ಸಮುದ್ರದಡಿಯ ಕೇಬಲ್ಲುಗಳಿಗೆ ಸಿಕ್ಕಿಬಿತ್ತು. ಒಳಗೆ ಏಳು ಜನ. ಈ ಸಲ ತಡಮಾಡದೆ ಕರೆದರು. ಬ್ರಿಟಿಷರು ತಮ್ಮ ಯಂತ್ರವನ್ನು ವಿಮಾನದಲ್ಲಿ ಹೊತ್ತುಕೊಂಡು ಹೋಗಿ ಆ ಕೇಬಲ್ಲುಗಳನ್ನು ಕತ್ತರಿಸಿದರು. ಏಳೂ ಜನ ಬದುಕಿ ಬಂದರು. ಎದುರಾಳಿಗಳು ಕೂಡಿ ಸಮುದ್ರದಲ್ಲಿ ಏನು ಕಟ್ಟಬೇಕು ಅಂತ ಕೇಳಿದರೆ ನಾನು ಈ ಕತ್ತರಿಯನ್ನು ತೋರಿಸುತ್ತೇನೆ.

ನಮ್ಮ ಮನೆಯ ಉದಾಹರಣೆಯೂ ಇದೆ. 1988ರ ಡಿಸೆಂಬರ್ 31ರಂದು ಭಾರತ ಮತ್ತು ಪಾಕಿಸ್ತಾನ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಒಬ್ಬರ ಅಣು ಸ್ಥಾವರಗಳ ಮೇಲೆ ಒಬ್ಬರು ದಾಳಿ ಮಾಡುವುದಿಲ್ಲ ಅಂತ. ಅದರ ಪ್ರಕಾರ 1992ರಿಂದ ಪ್ರತಿ ವರ್ಷ ಜನವರಿ 1ರಂದು ಎರಡೂ ದೇಶಗಳು ತಮ್ಮ ಸ್ಥಾವರಗಳ ಪಟ್ಟಿಯನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಕಾರ್ಗಿಲ್ ಆಯಿತು, ಮುಂಬೈ ಆಯಿತು, ಪುಲ್ವಾಮಾ ಆಯಿತು. ಕ್ರಿಕೆಟ್ ನಿಂತಿತು, ಬಸ್ಸು ನಿಂತಿತು, ಪಟ್ಟಿ ನಿಲ್ಲಲಿಲ್ಲ. ಇವರು ಒಬ್ಬರನ್ನೊಬ್ಬರು ಪ್ರೀತಿಸಲಿಕ್ಕೆ ಶುರು ಮಾಡಿದರು ಅಂತ ಯಾರೂ ಹೇಳುವುದಿಲ್ಲ. ಕೈಗಾದ ಹತ್ತಿರ ಇರುವವನಿಗೂ, ಕರಾಚಿಯ ಅಣು ಸ್ಥಾವರದ ಹತ್ತಿರ ಇರುವವನಿಗೂ ಪ್ರೀತಿ ಬೇಕಾಗಿಯೂ ಇಲ್ಲ. ಆ ಪಟ್ಟಿ ಸಾಕು.

ಆದ್ದರಿಂದ ಇನ್ನು ಮುಂದೆ ಎರಡು ಆಗದ ದೇಶಗಳು ಕೈಕುಲುಕಿ ಜಂಟಿ ಯೋಜನೆ ಅಂತ ಘೋಷಣೆ ಮಾಡಿದಾಗ, ಟಿವಿಯವರು ಚಪ್ಪಾಳೆ ಹೊಡೆಯುವ ಮುಂಚೆ ನಾವು ಎರಡು ಪ್ರಶ್ನೆ ಕೇಳೋಣ. ಈ ಕೆಲಸದಿಂದ ಇಬ್ಬರ ಕೈಯೂ ಕಟ್ಟುತ್ತದೆಯೇ, ಇಲ್ಲ ಇಬ್ಬರ ತೋಳೂ ಉದ್ದವಾಗುತ್ತದೆಯೇ? ಇದು ಹೋಗಿ ನಿಲ್ಲುವ ದಡದಲ್ಲಿರುವವರನ್ನು ಯಾರಾದರೂ ಕೇಳಿದ್ದಾರೆಯೇ? ಎರಡಕ್ಕೂ ಸರಿಯಾದ ಉತ್ತರ ಸಿಕ್ಕಿದರೆ ಚಪ್ಪಾಳೆ ಹೊಡೆಯೋಣ, ನಮ್ಮದೇನು ಗಂಟು ಹೋಗುತ್ತದೆ. ಸಿಗದಿದ್ದರೆ, ಅವರು ಕಡಿಮೆ ಬೆಲೆಗೆ ಎರಡು ಮಚ್ಚು ಮಾಡಿಸಿಕೊಂಡರು ಅಂತಲೇ ತಿಳಿಯಬೇಕು.